ತೈಸ್ತೊ ಹೋಗುತ್ತಿದ್ದ ಲೆಂಕ್ಕಿ

ಹಿಲ್ಕಾ ಶಾಲೆಯ ಬಸ್ಸು ಓಡಿಸುತ್ತಿದ್ದಳು. ತಾಂಪೆರೆ ನಗರಕ್ಕೆ ದಕ್ಷಿಣದಲ್ಲಿ ಒಂದು ಕಾಗದದ ಗಿರಣಿಯ ಊರು. ಸುತ್ತ ಕೆರೆ, ಕಾಡು, ಕಾಡಿನೊಳಗೆ ಅಲ್ಲೊಂದು ಇಲ್ಲೊಂದು ಮನೆ. ಆ ಮನೆಗಳ ಮಕ್ಕಳನ್ನು ಬೆಳಿಗ್ಗೆ ತುಂಬಿಕೊಂಡು ಬರುವುದು, ಮಧ್ಯಾಹ್ನ ವಾಪಸ್ ಬಿಟ್ಟು ಬರುವುದು ಅವಳ ಕೆಲಸ. ಓದು ಅವಳ ತಲೆಗೆ ಹತ್ತಲಿಲ್ಲ. ಬಸ್ಸಿನ ಸ್ಟಿಯರಿಂಗ್ ಚಕ್ರ ಕೈಗೆ ಹತ್ತಿತು. ಹಿಮ ಸುರಿಯಲಿ, ರಸ್ತೆ ಗಾಜಿನಂತಾಗಲಿ, ಅವಳ ಬಸ್ಸು ತಡವಾದದ್ದಿಲ್ಲ. ಮಕ್ಕಳು ಗಲಾಟೆ ಮಾಡಿದರೆ ಬೈಯುತ್ತಿರಲಿಲ್ಲ. ಬಸ್ಸನ್ನು ಪಕ್ಕಕ್ಕೆ ನಿಲ್ಲಿಸಿ ಸುಮ್ಮನೆ ಕೂರುತ್ತಿದ್ದಳು. ಹಿಂದಿನ ಸೀಟಿನವರೆಗೂ ಸದ್ದು ಅಡಗಿದ ಮೇಲೆ ಹೊರಡುತ್ತಿದ್ದಳು.

ಗಂಡ ತೈಸ್ತೊ ಗಿರಣಿಯಲ್ಲಿದ್ದು ನಿವೃತ್ತನಾದವನು. ಜನವರಿಯಲ್ಲಿ ಅಂಗಳದ ಹಿಮ ಎತ್ತಿಹಾಕುತ್ತಿದ್ದಾಗ ಬಿದ್ದ. ಎದೆ ನಿಂತಿತ್ತು. ಹಿಲ್ಕಾ ಬಂದು ನೋಡಿದಾಗ ಅವನು ಮಲಗಿದ್ದ, ಸಲಿಕೆ ಮಾತ್ರ ಹಿಮದಲ್ಲಿ ನೆಟ್ಟಗೆ ನಿಂತಿತ್ತು. ಹೂಳುವುದಕ್ಕೆ ನೆಲ ಕಲ್ಲಾಗಿತ್ತು, ಅಗೆಯಲು ಯಂತ್ರ ಬರಬೇಕಾಯಿತು. ಹಿಲ್ಕಾ ಒಂದು ವಾರ ರಜೆ ಹಾಕಿದಳು. ಆಮೇಲೆ ಬಸ್ಸು ಹತ್ತಿದಳು.

ಮನೆಯಲ್ಲಿ ಉಳಿದದ್ದು ಅವನ ನಾಯಿ ತುರ್ರೆ. ಕಪ್ಪು ಜೂಲು, ಮೋಟು ಕಾಲು, ನೆಲಕ್ಕೆ ತಾಗುವ ಹೊಟ್ಟೆ. ಅದು ಬಾಗಿಲ ಬಳಿ ಮಲಗಿ ಹಿಲ್ಕಾಳನ್ನೇ ನೋಡುತ್ತಿತ್ತು. ಹಿಲ್ಕಾ ಅದಕ್ಕೆ ಅನ್ನ ಹಾಕುತ್ತಿದ್ದಳು, ಅಂಗಳಕ್ಕೆ ಬಿಡುತ್ತಿದ್ದಳು. ಅಷ್ಟೇ. ಒಬ್ಬರಿಗೊಬ್ಬರು ಬೇಕಾದವರಲ್ಲ. ಇಬ್ಬರಿಗೂ ಬೇಕಾದವನು ಹೋಗಿದ್ದ.

ಮಾರ್ಚ್ ತಿಂಗಳಲ್ಲಿ ಸಕ್ಕರೆ ಕಾಯಿಲೆಯ ತಪಾಸಣೆಗೆ ಆರೋಗ್ಯ ಕೇಂದ್ರದಿಂದ ಕರೆ ಬಂತು, ಹಿಲ್ಕಾ ಹೋದಳು. ಅಲ್ಲಿನ ನರ್ಸ್ ಸಾನ್ನಿ ಚಿಕ್ಕ ಹುಡುಗಿ, ಹಿಲ್ಕಾಳ ಬಸ್ಸಿನಲ್ಲೇ ಶಾಲೆಗೆ ಹೋಗಿ ಬಂದವಳು. ರಕ್ತದ ಫಲಿತಾಂಶ ನೋಡಿ ತುಟಿ ಕಚ್ಚಿದಳು.

"ಹಿಲ್ಕಾ, ಸಕ್ಕರೆ ಸಿಕ್ಕಾಪಟ್ಟೆ ಏರಿದೆ."

"ಏರ್ಲಿ ಬಿಡು. ಮಿಕ್ಕಿದ್ದೆಲ್ಲ ಇಳೀತಾ ಇದೆ. ಏನಾದ್ರೂ ಒಂದು ಏರ್ಬೇಕಲ್ಲ."

"ತಮಾಷೆ ಮಾಡ್ಬೇಡಿ. ಮಾತ್ರೆ ಇನ್ನು ಜಾಸ್ತಿ ಮಾಡೋಕಾಗಲ್ಲ. ಹೀಗೇ ಇದ್ರೆ ಇನ್ಸುಲಿನ್ ಸೂಜಿ. ಸೂಜಿ ಶುರುವಾದ್ರೆ ಬಸ್ಸಿನ ಲೈಸೆನ್ಸಿಗೆ ಡಾಕ್ಟ್ರು ಸಹಿ ಹಾಕೋದು ಕಷ್ಟ. ಹಾಕಲ್ಲ ಅಂತಾನೇ ಇಟ್ಕೊಳ್ಳಿ."

ಬಸ್ಸಿಲ್ಲದಿದ್ದರೆ ಬೆಳಿಗ್ಗೆ ಯಾಕೆ ಏಳಬೇಕು ಎಂದು ಹಿಲ್ಕಾ ಯೋಚಿಸಿದಳು. ಒಂದು ಕಾರಣವೂ ಸಿಗಲಿಲ್ಲ.

"ಸಹಿ ಯಾವಾಗ?" ಎಂದು ಕೇಳಿದಳು.

"ಆಗಸ್ಟ್‌ನಲ್ಲಿ. ಶಾಲೆ ಶುರುವಾಗೋ ಮುಂಚೆ. ಅಷ್ಟ್ರೊಳಗೆ ಇಳಿಸ್ಕೊಳ್ಳಿ. ನಿಮ್ಮನೇಲಿ ನಾಯಿ ಇದೆಯಲ್ಲ? ದಿನಾ ಸಂಜೆ ಅದನ್ನ ಕರ್ಕೊಂಡು ಲೆಂಕ್ಕಿಗೆ ಹೋಗಿ. ಕಾಲೆಳೆದಂಗಲ್ಲ, ಜೋರಾಗಿ ನಡೀರಿ. ಮೈ ಬೆವರ್ಬೇಕು. ತಿಂದ ಕ್ಯಾಲರಿ ಉರಿದುಹೋಗ್ಬೇಕು."

ಲೆಂಕ್ಕಿ ಅಂದರೆ ಮನೆಯಿಂದ ಹೊರಟು ಒಂದು ಸುತ್ತು ಹಾಕಿ ಮನೆಗೇ ಬರುವ ನಡಿಗೆ. ನಾಯಿ ಸಾಕಿದವರ ಬಾಯಲ್ಲಿ ದಿನಕ್ಕೆರಡು ಸಲ ಬರುವ ಮಾತು ಅದು. ಆ ಮಾತು ಕೇಳಿ ಹಿಲ್ಕಾಳಿಗೆ ಸಿಟ್ಟು ಬಂತು.

"ತೈಸ್ತೊ ಹೋಗ್ತಿದ್ದ. ಆ ನಾಯಿ ಮರಿಯಾಗಿದ್ದಾಗಿಂದ ಒಂದು ಸಂಜೆ ತಪ್ಪಿಸ್ದೆ ಲೆಂಕ್ಕಿಗೆ ಹೋಗಿದಾನೆ. ಮಳೆ ಬರ್ಲಿ, ಹಿಮ ಬರ್ಲಿ, ಜ್ವರ ಬರ್ಲಿ. ಏನಾಯ್ತು? ಹೊಟ್ಟೆ ಬೆಳೀತಾನೇ ಹೋಯ್ತು. ಕೊನೆಗೆ ಎದೆ ನಿಂತು ಸತ್ತ. ನಡಿಗೆಯಿಂದ ಏನೂ ಉರಿಯಲ್ಲ ಮಗಾ. ನನಗೆ ಹೇಳ್ಬೇಡ."

ತೈಸ್ತೊನ ಹೊಟ್ಟೆ ಸಾನ್ನಿಯೂ ನೋಡಿದ್ದಳು.

"ನೀವೂ ಒಂದು ಸಲ ನಡೆದು ನೋಡಿ," ಎಂದಳು. "ಬಸ್ಸಿಗೋಸ್ಕರ."

ಆ ಸಂಜೆ ಹಿಲ್ಕಾ ಮೊಳೆ ಬಡಿದ ಬೂಟು ಹಾಕಿಕೊಂಡಳು. ಹೊರಗೆ ಹಗಲು ಹಿಮ ಕರಗಿ ಸಂಜೆ ಗಟ್ಟಿಯಾಗುವ ಕಾಲ. ಮೈಮೇಲೆ ಹೊಳೆಯುವ ಹಳದಿ ಅಂಗಿ. ನಾಯಿಯ ಹಗ್ಗ ಗೂಟದಿಂದ ತೆಗೆದಳು.

"ಬಾ," ಎಂದಳು. ನಾಯಿ ಕಣ್ಣು ಮಾತ್ರ ತೆರೆಯಿತು.

"ಲೆಂಕ್ಕಿ," ಎಂದಳು.

ನಾಯಿಗೆ ಹುಚ್ಚು ಹಿಡಿದಂತಾಯಿತು. ಎದ್ದು ಕುಣಿಯಿತು, ಬಾಗಿಲು ಕೆರೆಯಿತು, ಬಾಲ ಬಡಿದು ಛತ್ರಿ ಬೀಳಿಸಿತು. ಮೋಟು ಕಾಲಿನ ಈ ಪ್ರಾಣಿಗೆ ನಡಿಗೆ ಅಂದರೆ ಇಷ್ಟು ಪ್ರೀತಿಯೇ ಎಂದು ಹಿಲ್ಕಾ ಬೆರಗಾದಳು.

ಊರಿನ ನಾಯಿಗಳೆಲ್ಲ ಕೆರೆ ದಂಡೆಗೆ ಹೋಗುತ್ತವೆ. ತುರ್ರೆ ಆ ಕಡೆ ಮೂತಿಯನ್ನೂ ತಿರುಗಿಸಲಿಲ್ಲ. ಹಗ್ಗ ಎಳೆದುಕೊಂಡು ಗಿರಣಿ ಬೇಲಿಯ ಪಕ್ಕ, ಪೆಟ್ರೋಲ್ ಬಂಕಿನ ಹಿಂದೆ, ಹಿಲ್ಕಾ ಬಸ್ಸಿನಲ್ಲಿ ಎಂದೂ ಹೋಗದ ಒಂದು ಸಂದಿಯೊಳಗೆ ನುಗ್ಗಿತು. ದೂರವೇನಿಲ್ಲ. ಹಿಲ್ಕಾಳಿಗೆ ಬೆವರು ಬರುವ ಮುಂಚೆಯೇ ನಡಿಗೆ ಮುಗಿದಿತ್ತು. ಸಂದಿಯ ಕೊನೆಗೆ ಒಂದು ಗೂಡಂಗಡಿ. ಒಳಗೆ ದೀಪ, ಹೊಗೆ, ಎಣ್ಣೆ ಚಟಪಟ. ನಾಯಿ ಕಿಟಕಿಯ ಕೆಳಗೆ ಕುಂಡಿ ಊರಿ ಕೂತು ಒಂದೇ ಒಂದು ಸಲ ಬೊಗಳಿತು.

ಕಿಟಕಿ ತೆರೆಯಿತು. ಕೆಂಪು ಮುಖದ ದಪ್ಪ ಹೆಂಗಸು ತಲೆ ಹೊರಹಾಕಿದಳು.

"ತುರ್ರೆ! ಬಂದ್ಯಾ ನನ್ನ ರಾಜ! ಎಲ್ಲಿ ಹೋಗಿದ್ಯೋ ಇಷ್ಟು ದಿನ!" ಎಂದು ಒಂದು ತುಂಡು ಸಾಸೇಜ್ ಎಸೆದಳು. ಅದು ನೆಲಕ್ಕೆ ಬೀಳಲೇ ಇಲ್ಲ. ಆಮೇಲೆ ಹಗ್ಗದ ಈ ತುದಿಯಲ್ಲಿ ಯಾರಿದ್ದಾರೆ ಎಂದು ನೋಡಿದಳು. ಮುಖ ಬದಲಾಯಿತು.

"ಹಿಲ್ಕಾ ಅಲ್ವಾ ನೀನು? ನಾನು ಮೆರ್ಯಾ. ತೈಸ್ತೊ ವಿಷ್ಯ ಕೇಳಿ... ಏನು ಹೇಳ್ಬೇಕೋ ಗೊತ್ತಾಗ್ತಿಲ್ಲ."

"ಅವನು ಇಲ್ಲಿಗೆ ಬರ್ತಿದ್ನಾ?"

ಮೆರ್ಯಾ ಒಲೆ ಕಡೆ ನೋಡಿದಳು, ನಾಯಿ ಕಡೆ ನೋಡಿದಳು. ಸುಳ್ಳು ಹೇಳಲು ನಾಯಿ ಬಿಡುವಂತಿರಲಿಲ್ಲ.

"ದಿನಾ," ಎಂದಳು.

"ಲೆಂಕ್ಕಿಗೆ ಹೋಗ್ತೀನಿ ಅಂತ ಹೇಳಿ ಹೊರಡ್ತಿದ್ನಲ್ಲ."

ಮೆರ್ಯಾ ಕೈ ಮೇಲೆತ್ತಿ ತೋರಿಸಿದಳು. ಅವಳ ತಲೆಯ ಮೇಲೆ ಕೊಕ್ಕೆಗಳಿಗೆ ಸಾಲಾಗಿ ದಪ್ಪ ಸಾಸೇಜುಗಳು ನೇತಾಡುತ್ತಿದ್ದವು. ಎರಡೂ ತುದಿ ಸೇರಿಸಿ ಕಟ್ಟಿದವು, ಬಳೆಯ ಹಾಗೆ ದುಂಡಗೆ. ಆ ಊರಿನಲ್ಲಿ ಅದಕ್ಕೂ ಲೆಂಕ್ಕಿ ಎಂದೇ ಹೆಸರು. ಸುತ್ತು ಹಾಕುವ ನಡಿಗೆಯೂ ಲೆಂಕ್ಕಿ, ಸುತ್ತಿ ಕಟ್ಟಿದ ಸಾಸೇಜೂ ಲೆಂಕ್ಕಿ.

"ಅವನು ಸುಳ್ಳು ಹೇಳಿಲ್ಲ ಕಣೆ," ಎಂದಳು ಮೆರ್ಯಾ. "ಅದೊಂದು ಅವನಿಗೆ ಬಹಳ ಮುಖ್ಯ. 'ಹಿಲ್ಕಾಗೆ ಲೆಂಕ್ಕಿಗೆ ಹೋಗ್ತೀನಿ ಅಂತ ಹೇಳೇ ಬಂದಿದೀನಿ, ನನ್ನ ಕೈ ಶುದ್ಧ' ಅಂತಿದ್ದ. ಆಮೇಲೆ ಕೈ ನೆಕ್ಕೊಳ್ತಿದ್ದ."

ಹಿಲ್ಕಾಳಿಗೆ ಹಳೆಯ ಮಾತುಗಳು ಒಂದೊಂದಾಗಿ ಬೇರೆ ಬಣ್ಣದಲ್ಲಿ ಕಂಡವು. ಹೇಗಿತ್ತು ಲೆಂಕ್ಕಿ ಎಂದು ಅವಳು ಕೇಳುತ್ತಿದ್ದಳು. ಚೆನ್ನಾಗಿತ್ತು ಎನ್ನುತ್ತಿದ್ದ. ದೊಡ್ಡದೋ ಚಿಕ್ಕದೋ ಎಂದರೆ ಇವತ್ತು ದೊಡ್ಡದು, ಸುಸ್ತಾಯ್ತು ಎನ್ನುತ್ತಿದ್ದ. ಇವಳು ಕಾಲಿಗೆ ಎಣ್ಣೆ ತಿಕ್ಕಿಕೊಟ್ಟಿದ್ದಳು!

"ಊರಿಗೆಲ್ಲ ಗೊತ್ತಿತ್ತಾ?"

"ಊರಿಗೆಲ್ಲ ಗೊತ್ತಿತ್ತು. ನಿನ್ನ ಮುಂದೆ ಬಾಯಿ ಬಿಡೋ ಗಂಡಸು ಯಾರಿದ್ದ?"

ಗೂಡಂಗಡಿಯ ಪಕ್ಕ ತಗಡಿನ ಸೂರಿನ ಕೆಳಗೆ ಒಂದು ಮೇಜು. ಅಲ್ಲಿ ಉದ್ದ ಮೂಗಿನ ಒಬ್ಬ ಮುದುಕ ಕೂತಿದ್ದ. ಹೆಸರು ಕಾಲೆರ್ವೊ. ತೈಸ್ತೊನ ಜೊತೆ ಗಿರಣಿಯಲ್ಲಿ ಕೆಲಸ ಮಾಡಿದವನು. ಅವನು ಟೋಪಿ ತೆಗೆದ.

"ಇದೇ ಅವನ ಜಾಗ," ಎಂದು ಎದುರಿನ ಬೆಂಚು ತೋರಿಸಿದ. "ನಾವು ಯಾರನ್ನೂ ಕೂರಿಸಿಲ್ಲ. ನೀನು ಕೂರ್ಬಹುದು. ಟಿಂಬರ್ ಲಾರಿ ಅಡ್ಡ ನಿಂತಾಗ ಬಸ್ಸನ್ನ ಆ ಕಾಡುದಾರೀಲಿ ಹಿಮದಲ್ಲಿ ಪೂರಾ ಹಿಂದಕ್ಕೇ ಓಡಿಸ್ಕೊಂಡು ಬಂದವಳು ನೀನೇ ತಾನೇ? ಮಕ್ಕಳಿಗೆ ಗೊತ್ತೂ ಆಗ್ಲಿಲ್ವಂತೆ ಹಿಂದಕ್ಕೆ ಹೋಗ್ತಿದೀವಿ ಅಂತ?"

"ಅದು ನಿನಗೆ ಹೇಗೆ ಗೊತ್ತು?"

"ತೈಸ್ತೊ ಹೇಳಿದ್ದು. ಬೇಡ ಬೇಡ ಅಂದ್ರೂ ಹೇಳ್ತಿದ್ದ. ನಮಗೆ ಬಾಯಿಪಾಠ ಆಗಿದೆ."

ಹಿಲ್ಕಾ ಆ ಸಂಗತಿಯನ್ನು ಗಂಡನಿಗೆ ಊಟದ ಹೊತ್ತಿನಲ್ಲಿ ಹೇಳಿದ್ದಳು. ಅವನು ಹೂಂ ಎಂದು ಆಲೂಗೆಡ್ಡೆ ಸುಲಿದಿದ್ದ. ಮನೆಯಲ್ಲಿ ಅವನು ಮಾತಿನವನಲ್ಲ. ಇಲ್ಲಿ ಬಂದು ಹೆಂಡತಿಯ ಕಥೆ ಹೇಳುತ್ತಿದ್ದನಂತೆ. ಎದುರಿಗೆ ಒಂದು ಸಲ ಭೇಷ್ ಅನ್ನಲಾಗದವನು.

ಹಿಲ್ಕಾ ಅವನ ಜಾಗದಲ್ಲಿ ಕೂತಳು.

"ಮೆರ್ಯಾ," ಎಂದಳು, "ಅರ್ಧ ಲೆಂಕ್ಕಿ ಹುರಿದು ಕೊಡು. ಸಾಸಿವೆ ಜಾಸ್ತಿ ಹಾಕು."

ಅಂದಿನಿಂದ ದಿನಾ ಸಂಜೆ ಲೆಂಕ್ಕಿ. ಹಿಲ್ಕಾ ಬಸ್ಸು ನಿಲ್ಲಿಸಿ, ಕಾಫಿ ಕುಡಿದು, ಹಗ್ಗ ಹಿಡಿದು ಹೊರಡುವಳು. ನಾಯಿ ಮುಂದೆ, ಇವಳು ಹಿಂದೆ. ಅಲ್ಲಿ ಕಾಲೆರ್ವೊ ಒಂದು ಕಥೆ ಹೇಳುವನು. ತೈಸ್ತೊ ಗಿರಣಿಯ ಸೌನಾ ಎಂಬ ಹಬೆ ಸ್ನಾನದ ಕೋಣೆಯಲ್ಲಿ ಬಾಗಿಲು ಸಿಕ್ಕಿಹಾಕಿಕೊಂಡು ಕಿಟಕಿಯಿಂದ ಬರಿಮೈಯಲ್ಲಿ ಇಳಿದದ್ದು, ಇಳಿದಾಗ ಕೆಳಗೆ ಪಾದ್ರಿಯ ಹೆಂಡತಿ ನಿಂತಿದ್ದದ್ದು, ತೈಸ್ತೊ ಮರ್ಯಾದೆಗೆ ಟೋಪಿ ಎತ್ತಿ ನಮಸ್ಕಾರ ಮಾಡಿದ್ದು. "ಬರಿಮೈಯಲ್ಲಿ ಟೋಪಿ ಎಲ್ಲಿಂದ ಬಂತು?" ಎಂದು ಹಿಲ್ಕಾ ಕೇಳಿದರೆ "ಸೌನಾ ಟೋಪಿ ಕಣೆ, ನಡುವೆ ಬಾಯಿ ಹಾಕ್ಬೇಡ," ಎಂದು ಕಾಲೆರ್ವೊ ರೇಗುವನು. ಕಥೆ ಕೇಳುತ್ತಾ ಸಾಸೇಜ್ ಖಾಲಿಯಾಗುತ್ತಿತ್ತು. ಸಾಸೇಜ್ ಖಾಲಿಯಾದ ಮೇಲೂ ಕಥೆ ಉಳಿದರೆ ಮೆರ್ಯಾ ಏಲಕ್ಕಿ ಬನ್ನು ಕೊಡುತ್ತಿದ್ದಳು. ಹಿಲ್ಕಾಳಿಗೆ ನಾಲಿಗೆಯ ಚಪಲ ಇರಲಿಲ್ಲ. ಆ ಬೆಂಚು, ಆ ಮಾತು ಬೇಕಿತ್ತು. ತಿನ್ನುವುದು ಅದರ ಜೊತೆಗೆ ಬರುತ್ತಿತ್ತು.

ಮೇ ತಿಂಗಳು ಬಂತು. ಕೆರೆಯ ಮೇಲಿನ ಮಂಜುಗಡ್ಡೆ ಹೋಗಿ ನೀರು ಕಂಡಿತು. ಸಾನ್ನಿ ಮತ್ತೆ ರಕ್ತ ತೆಗೆದಳು. ಫಲಿತಾಂಶ ನೋಡಿ ಈ ಸಲ ತುಟಿ ಕಚ್ಚಲಿಲ್ಲ, ನೇರವಾಗಿ ಕೇಳಿದಳು.

"ಹಿಲ್ಕಾ, ನೀವು ನಡೀತಿದೀರೋ ಇಲ್ವೋ?"

"ದಿನಾ ಲೆಂಕ್ಕಿಗೆ ಹೋಗಿದೀನಿ."

ಮಾತು ಬಾಯಿಂದ ಹೊರಟ ಮೇಲೆ ಅವಳಿಗೇ ಕೇಳಿಸಿತು. ತೈಸ್ತೊನ ಮಾತು. ತೈಸ್ತೊನ ದನಿ ಕೂಡ. ಕೈ ಶುದ್ಧ.

"ಮತ್ತೆ ಸಕ್ಕರೆ ಇನ್ನೂ ಏರಿದೆಯಲ್ಲ? ತೂಕಾನೂ. ಎಲ್ಲಿವರೆಗೆ ಹೋಗ್ತೀರಿ?"

"ಮೆರ್ಯಾ ಅಂಗಡಿವರೆಗೆ."

ಸಾನ್ನಿ ನಗು ತಡೆಯಲಾರದೆ ಕೈ ಅಡ್ಡ ಹಿಡಿದಳು. ಆಮೇಲೆ ನಗು ನಿಂತಿತು.

"ನೋಡಿ, ಅರ್ಧ ಸಾಸೇಜಿಗೆ ಎಷ್ಟು ನಡೀಬೇಕು ಗೊತ್ತಾ? ನಿಮ್ಮನೆಯಿಂದ ಆ ಅಂಗಡಿಗೆ ಹತ್ತಾರು ಸಲ ಹೋಗಿ ಬರ್ಬೇಕು. ಅಂಗಡೀಲಿ ನಿಲ್ದೆ! ಆಗಸ್ಟ್‌ಗೆ ಇನ್ನೇನು ಬೇಸಿಗೆ ಒಂದೇ ಇರೋದು. ಬಸ್ಸು ಬೇಕಾ ಬೇಡ್ವಾ ನಿಮಗೆ?"

"ಬೇಕು."

"ಹಾಗಾದ್ರೆ ಕಾಲಿನ ಲೆಂಕ್ಕಿಗೆ ಹೋಗಿ. ಬಾಯಿ ಲೆಂಕ್ಕಿಗಲ್ಲ."

ಹೊರಗೆ ಕಟ್ಟಿದ್ದ ನಾಯಿಯನ್ನು ಬಿಚ್ಚಿಕೊಂಡು ಹಿಲ್ಕಾ ಸೀದಾ ಗೂಡಂಗಡಿಗೆ ಹೋದಳು. ಸುತ್ತಿ ಬಳಸಿ ಹೇಳುವುದು ಅವಳಿಗೆ ಬಾರದು.

"ನನಗೆ ಇನ್ನು ಸಾಸೇಜ್ ಬೇಡ ಮೆರ್ಯಾ. ನಾಯಿಗೂ ಬೇಡ. ಇದನ್ನ ತಿಂದೇ ಅವನು ಹೋಗಿದ್ದು."

ಅಷ್ಟು ಹೇಳಬಾರದಿತ್ತು. ಮೆರ್ಯಾಳ ಕೆಂಪು ಮುಖ ಬಿಳಿಚಿತು.

"ಅಂದ್ರೆ ನಾನು ಕೊಂದೆ ಅಂತೀಯಾ?"

"ಎದೆ ಕೊಂದಿತು. ಇದೂ ಕೈ ಹಾಕಿತ್ತು ಅಂತ ಹೇಳಿದೆ."

"ಇಷ್ಟು ವರ್ಷ ಅವನು ಮನೇಲಿ ತುಟಿ ಬಿಚ್ದೆ ಇಲ್ಲಿ ಬಂದು ಯಾಕೆ ಮಾತಾಡ್ತಿದ್ದ ಅಂತ ಒಂದ್ಸಲ ಕೇಳ್ಕೊಂಡಿದೀಯಾ?" ಎಂದಳು ಮೆರ್ಯಾ. ಕಿಟಕಿ ಧಡ್ ಎಂದು ಮುಚ್ಚಿಕೊಂಡಳು.

ಕಾಲೆರ್ವೊ ತನ್ನ ಕಾಫಿಯೊಳಗೆ ಇಣುಕಿ ನೋಡುತ್ತಾ ಕೂತ. ಹಿಲ್ಕಾ ನಾಯಿಯನ್ನು ಎಳೆದುಕೊಂಡು ಮನೆಗೆ ಬಂದಳು. ಮೆರ್ಯಾ ಹೇಳಿದ್ದು ಒಳಗೆಲ್ಲೋ ಮುಳ್ಳಿನಂತೆ ನಿಂತಿತು. ಅವಳು ಅದನ್ನು ಕೀಳಲು ಹೋಗಲಿಲ್ಲ.

ಮಾರನೆಯ ಸಂಜೆ ಕೆರೆ ದಂಡೆಗೆ ಹೊರಟಳು. ಲೆಂಕ್ಕಿ ಎಂದಳು, ನಾಯಿ ಕುಣಿಯಿತು. ಗೇಟಿನ ಹೊರಗೆ ಹಿಲ್ಕಾ ಎಡಕ್ಕೆ ತಿರುಗಿದಳು, ನಾಯಿ ಬಲಕ್ಕೆ. ಹಗ್ಗ ಬಿಗಿಯಾಯಿತು. ತುರ್ರೆ ರಸ್ತೆ ನಡುವೆ ಕೂತಿತು. ಜಪ್ಪಯ್ಯ ಎಂದರೂ ಕದಲಲಿಲ್ಲ. ಎಳೆದರೆ ಕುಂಡಿ ಊರಿಕೊಂಡೇ ಜಾರಿತು. ಕಾರಿನವನೊಬ್ಬ ನಿಲ್ಲಿಸಿ ಕಿಟಕಿ ಇಳಿಸಿದ.

"ನಾಯಿ ಕೆಟ್ಟು ನಿಂತಿದೆಯಾ? ತಳ್ಬೇಕಾ?"

"ನಿನ್ನ ಕಾರು ನೋಡ್ಕೋ ಹೋಗು," ಎಂದಳು ಹಿಲ್ಕಾ. ಬಗ್ಗಿ ನಾಯಿಯನ್ನು ಎತ್ತಿಕೊಂಡಳು. ಹಿಟ್ಟಿನ ಮೂಟೆಯಷ್ಟು ಭಾರ. ಕೆರೆ ದಂಡೆಯವರೆಗೆ ಹೊತ್ತುಕೊಂಡೇ ಹೋದಳು. ಅಲ್ಲಿ ಇಳಿಸಿದಾಗ ಅವಳ ಬೆನ್ನಿನಲ್ಲಿ ಬೆವರು ಹರಿಯುತ್ತಿತ್ತು. ನಾಯಿ ಅವಳಿಗೆ ಬೆನ್ನು ತಿರುಗಿಸಿ ಕೂತಿತು. ಕ್ಯಾಲರಿ ಉರಿದದ್ದೇನೋ ನಿಜ. ಆದರೆ ಹೀಗೆ ನಾಯಿ ಹೊತ್ತುಕೊಂಡು ಬೇಸಿಗೆ ಕಳೆಯಲಾಗದು ಎಂದು ಅವಳಿಗೆ ಗೊತ್ತಾಯಿತು. ಬೈಯಲೂ ಮನಸ್ಸು ಬರಲಿಲ್ಲ. ನಾಯಿಗೆ ಬೇಕಾದದ್ದೇ ಅವಳಿಗೂ ಬೇಕಿತ್ತು.

ಹಾಗೆ ಒಂದು ವಾರ ಆಯಿತು. ಎಳೆಯುವುದು, ಹೊರುವುದು, ಅರ್ಧಕ್ಕೇ ವಾಪಸ್ ಬರುವುದು.

ಒಂದು ಸಂಜೆ ಗೇಟಿನ ಹೊರಗೆ ಕಾಲೆರ್ವೊ ನಿಂತಿದ್ದ. ಎರಡೂ ಕೈಯಲ್ಲಿ ನಡಿಗೆಯ ಕೋಲು. ತಲೆಗೆ ಗಿರಣಿಯ ಹಳೇ ಟೋಪಿ. ಕಾಲಿಗೆ ಹೊಚ್ಚ ಹೊಸ ಬಿಳಿ ಬೂಟು. ಅವನು ಕೂತಿರದೆ ನಿಂತಿದ್ದನ್ನು ಹಿಲ್ಕಾ ನೋಡಿದ್ದು ಇದೇ ಮೊದಲು.

"ಏನಿದು ವೇಷ?" ಎಂದಳು.

"ಮೆರ್ಯಾ ಅಟ್ಟಿದಾಳೆ. ಕ್ಷಮಿಸು ಅನ್ನೋಕೆ ಅವಳಿಗೆ ನಾಲಿಗೆ ಹೊರಳಲ್ಲ. ನೀನು ಆ ಮಾತು ಹೇಳಿದ ಮೇಲೆ ಅವಳು ನನಗೂ ಸಾಸೇಜ್ ಕೊಡ್ತಿಲ್ಲ. 'ನಿನ್ನ ಎದೆ ಪರೀಕ್ಷೆ ಮಾಡಿಸ್ಕೊಂಡು ಬಾ, ಆಮೇಲೆ ನೋಡೋಣ' ಅಂತಾಳೆ. ನಿನ್ನಿಂದ ನಾನು ಉಪವಾಸ."

"ಅದಕ್ಕೆ?"

"ಅದಕ್ಕೆ ಇನ್ನೇನು ಮಾಡ್ಲಿ? ಬೆಂಚಿನ ಮೇಲೆ ಒಬ್ಬನೇ ಕೂತು ಗೋಡೆಗೆ ಕಥೆ ಹೇಳ್ಲಾ? ನೀನು ನಡಿ. ನಾನೂ ಬರ್ತೀನಿ. ಕಥೆಗೆ ಬೆಂಚೇ ಬೇಕು ಅಂತ ಎಲ್ಲೂ ಬರೆದಿಲ್ಲ."

ಹಿಲ್ಕಾ ಎಡಕ್ಕೆ ತಿರುಗಿದಳು. ಕಾಲೆರ್ವೊ ಎಡಕ್ಕೆ ತಿರುಗಿದ. ತುರ್ರೆ ಕೂತಿತು. ಕಾಲೆರ್ವೊ ಹಿಂತಿರುಗಿ ನೋಡದೆ ಕಥೆ ಶುರು ಮಾಡಿದ. "ಒಂದ್ಸಲ ತೈಸ್ತೊ..." ಎಂದ. ಆ ಹೆಸರಿಗೋ ಆ ದನಿಗೋ, ನಾಯಿಯ ಕಿವಿ ನೆಟ್ಟಗಾಯಿತು. ಎದ್ದು ನಿಂತು ಮೈ ಕೊಡವಿ ಅವರ ಹಿಂದೆ ಬಂತು.

ಕೆರೆಯ ಸುತ್ತ ಪೂರ್ತಿ ಒಂದು ಸುತ್ತು ಅಂದರೆ ಕಡಿಮೆಯಲ್ಲ. ಮೊದಲ ದಿನ ಕಾಲೆರ್ವೊ ಅರ್ಧದಲ್ಲಿ ಕಲ್ಲಿನ ಮೇಲೆ ಕೂತು ಆಂಬುಲೆನ್ಸ್ ಕರಿ ಎಂದ. ಹಿಲ್ಕಾ ಅವನ ಕೋಲು ಕಿತ್ತುಕೊಂಡು ನಡೆದಳು. ಕೋಲಿಗಾಗಿ ಅವನು ಎದ್ದು ಬಂದ. ಎರಡನೆಯ ವಾರ ಅವನ ಹೊಸ ಬೂಟು ಕೆಸರಿನ ಬಣ್ಣಕ್ಕೆ ಬಂತು. ಕಥೆ ರೋಚಕವಾದಾಗ ಅವನು ನಿಂತುಬಿಡುತ್ತಿದ್ದ, ಕೈ ಆಡಿಸಿ ಹೇಳಬೇಕಲ್ಲ, ಕೋಲು ಅಡ್ಡ. "ನಿಂತು ಹೇಳಿದ್ರೆ ಕೇಳಲ್ಲ ನಾನು," ಎನ್ನುತ್ತಿದ್ದಳು ಹಿಲ್ಕಾ. ಹಾಗಾಗಿ ಕಥೆಯ ಬಿಗಿ ಹೆಚ್ಚಿದಷ್ಟೂ ನಡಿಗೆಯ ಬಿಗಿ ಹೆಚ್ಚಿತು. ಏದುಸಿರಿನಲ್ಲಿ ಹೇಳುವನು, ಏದುಸಿರಿನಲ್ಲಿ ಕೇಳುವಳು.

ಅಷ್ಟು ಉತ್ತರದ ಊರಿನಲ್ಲಿ ಜೂನ್‌ನಲ್ಲಿ ಸಂಜೆ ಎಂಬುದೇ ಇಲ್ಲ, ಬರೀ ಬೆಳಕು. ಒಂದು ದಿನ ದಂಡೆಯ ತಿರುವಿನಲ್ಲಿ ಮೆರ್ಯಾ ಎದುರಾದಳು. ಕೈಯಲ್ಲಿ ಒಂದು ಪೊಟ್ಟಣ. ಹಿಲ್ಕಾಳ ಮುಖ ನೋಡದೆ ನಾಯಿಯ ಹತ್ತಿರ ಮಂಡಿಯೂರಿ ಕೂತು ಪೊಟ್ಟಣ ಬಿಚ್ಚಿದಳು. ಕ್ಯಾರೆಟ್.

ತುರ್ರೆ ಮೂಸಿತು. ಮೆರ್ಯಾಳನ್ನು ನೋಡಿತು. ಮತ್ತೆ ಮೂಸಿತು. ಅದರ ಮುಖ ನೋಡಿ ಕಾಲೆರ್ವೊ ಬೇರೆ ಕಡೆ ತಿರುಗಿಕೊಂಡ.

"ತಿನ್ನೋ," ಎಂದಳು ಮೆರ್ಯಾ. "ನನ್ನ ಮರ್ಯಾದೆ ಉಳಿಸು."

ನಾಯಿ ಕ್ಯಾರೆಟ್ ಕಚ್ಚಿಕೊಂಡು ಹೋಗಿ ಪೊದೆಯಲ್ಲಿ ಹೂತು ಬಂತು.

ಹಿಲ್ಕಾ ನಕ್ಕಳು. ಮೆರ್ಯಾಳೂ ನಕ್ಕಳು. ಎದ್ದು ಮಂಡಿಯ ಧೂಳು ಕೊಡವಿಕೊಂಡಳು.

"ನಾನು ಅವತ್ತು ಹೇಳಿದ್ದು..." ಎಂದಳು.

"ಸರಿಯಾಗೇ ಹೇಳಿದೆ," ಎಂದಳು ಹಿಲ್ಕಾ. "ನಾನೂ ಅವನನ್ನ ಕೇಳ್ಬೇಕಿತ್ತು. ಅವನೂ ಹೇಳ್ಬೇಕಿತ್ತು. ಇಬ್ರೂ ಆಲೂಗೆಡ್ಡೆ ಸುಲೀತಾ ಕೂತ್ವಿ. ಬರ್ತೀಯಾ? ಇನ್ನೂ ಅರ್ಧ ಸುತ್ತು ಇದೆ."

"ಅಂಗಡಿ?"

"ಯಾರು ಬರ್ತಾರೆ ಈಗ? ನಿನ್ನ ದೊಡ್ಡ ಗಿರಾಕಿ ಇಲ್ಲೇ ಇದಾನಲ್ಲ ಕೋಲು ಹಿಡ್ಕೊಂಡು."

ಆಮೇಲೆ ಅಂಗಡಿಗೆ ಬಿಡುವಿದ್ದ ಸಂಜೆಗಳಲ್ಲಿ ಮೆರ್ಯಾಳೂ ಬಂದಳು. ಅವಳ ಹತ್ತಿರವೂ ತೈಸ್ತೊನ ಕಥೆಗಳಿದ್ದವು, ಕಾಲೆರ್ವೊ ಹೇಳಿದ್ದಕ್ಕೆ ತಿದ್ದುಪಡಿಗಳೂ ಇದ್ದವು. ಪಾದ್ರಿಯ ಹೆಂಡತಿ ಅಲ್ಲ, ಪಾದ್ರಿಯೇ. ಸೌನಾ ಟೋಪಿ ಅಲ್ಲ, ಬಕೆಟ್ಟು. ಇಬ್ಬರೂ ಜಗಳಾಡುತ್ತಾ ನಡೆದರೆ ಸುತ್ತು ಮುಗಿದದ್ದೇ ತಿಳಿಯುತ್ತಿರಲಿಲ್ಲ. ನಾಯಿಯ ಹೊಟ್ಟೆ ನೆಲದಿಂದ ಮೇಲೆದ್ದಿತು. ಕೆಳಗೆ ಹುಲ್ಲು ಕಂಡಿತು.

ಜುಲೈ ಕೊನೆಗೆ ಒಂದು ದಿನ ಮೆರ್ಯಾ ಬಂದಿರಲಿಲ್ಲ. ಕಾಲೆರ್ವೊ ಸುಮ್ಮನೆ ನಡೆಯುತ್ತಿದ್ದ. ದೋಣಿ ಕಟ್ಟುವ ಜಾಗ ದಾಟಿತು, ಈಜುವ ಜಾಗ ದಾಟಿತು.

"ಏನಾಯ್ತೋ? ಹಲ್ಲು ನೋವಾ?"

"ಮುಗೀತು ಹಿಲ್ಕಾ."

"ಏನು ಮುಗೀತು?"

"ತೈಸ್ತೊ. ನನ್ನ ಹತ್ರ ಇದ್ದದ್ದೆಲ್ಲ ಹೇಳ್ಬಿಟ್ಟೆ. ನಿನ್ನೆ ಹೇಳಿದ್ದೇ ಕೊನೇದು. ರಾತ್ರಿಯೆಲ್ಲ ತಲೆ ಕೆರ್ಕೊಂಡೆ. ಇನ್ನೊಂದು ಸಿಗ್ಲಿಲ್ಲ. ಸುಳ್ಳು ಕಟ್ಟೋಣ ಅನ್ನಿಸ್ತು. ಆದ್ರೆ ಅವನು ಸುಳ್ಳು ಹೇಳೋನಲ್ಲ, ಅವನ ಮೇಲೆ ಹೇಗೆ ಹೇಳೋದು?"

ಹಿಲ್ಕಾ ನಿಂತಳು. ಆ ಬೇಸಿಗೆಯಲ್ಲಿ ಅವಳೇ ಮೊದಲು ನಿಂತದ್ದು ಅದೊಂದೇ ಸಲ. ನೀರಿನ ಕಡೆ ನೋಡಿದಳು. ಜನವರಿಯಲ್ಲಿ ಹೂಳುವಾಗ ಅಳು ಬಂದಿರಲಿಲ್ಲ. ಯಂತ್ರದ ಸದ್ದು ಜೋರಾಗಿತ್ತು. ಈಗ ಯಾವ ಸದ್ದೂ ಇರಲಿಲ್ಲ. ಕಾಲೆರ್ವೊ ಕೋಲು ಊರಿಕೊಂಡು ಬೇರೆ ಕಡೆ ನೋಡುತ್ತಾ ಕಾದ. ನಾಯಿ ಅವಳ ಬೂಟಿನ ಮೇಲೆ ಕೂತಿತು. ಅವಳು ಅಳುವಷ್ಟು ಅತ್ತು ಅಂಗಿಯ ತೋಳಿನಲ್ಲಿ ಮೂಗು ಒರೆಸಿಕೊಂಡಳು.

"ನಡಿ," ಎಂದಳು.

"ಏನು ಹೇಳ್ಕೊಂಡು ನಡೆಯೋದು?"

"ನಾನು ಹೇಳ್ತೀನಿ. ಅವನು ನನ್ನನ್ನ ಮೊದಲು ಕುಣಿತಕ್ಕೆ ಕರೆದದ್ದು ನಿನಗೆ ಗೊತ್ತಾ?"

"ಇಲ್ಲ."

"ಗೊತ್ತಿರಲ್ಲ. ಅವನು ಕರೀಲೇ ಇಲ್ಲ. ಹತ್ರ ಬಂದು ನಿಂತ, ಹಾಡು ಮುಗಿಯೋವರೆಗೂ ನಿಂತ. 'ಈ ಹಾಡು ಚೆನ್ನಾಗಿತ್ತು' ಅಂದು ಹೋದ. ಮುಂದಿನ ಶನಿವಾರ ಮತ್ತೆ ಬಂದು ನಿಂತ. ಕೊನೆಗೆ ನಾನೇ ಕೈ ಹಿಡ್ದು ಎಳೆದೆ."

"ಅಯ್ಯೋ, ನಮಗೆ ಬೇರೆ ಥರ ಹೇಳಿದ್ದ!" ಎಂದ ಕಾಲೆರ್ವೊ. ನಡಿಗೆ ಜೋರಾಯಿತು. "ಹುಡುಗೀರು ಸಾಲುಗಟ್ಟಿ ನಿಂತಿದ್ರು, ನಾನು ಇವಳನ್ನ ಆರಿಸಿದೆ ಅಂದಿದ್ದ!"

"ಹಾಗಾದ್ರೆ ಒಂದು ಸುಳ್ಳು ಹೇಳಿದಾನೆ ಬಿಡು," ಎಂದಳು ಹಿಲ್ಕಾ. "ನನಗೆ ಸಮಾಧಾನ ಆಯ್ತು."

ಅಂದಿನಿಂದ ಹೇಳುವ ಸರದಿ ಅವಳದಾಯಿತು. ಅವಳ ಹತ್ತಿರ ಬಹಳ ಇತ್ತು.

ಆಗಸ್ಟ್ ಮೊದಲ ವಾರ ಆರೋಗ್ಯ ಕೇಂದ್ರ. ನಾಯಿಯನ್ನು ಹೊರಗೆ ಕೊಕ್ಕೆಗೆ ಕಟ್ಟಿ ಹಿಲ್ಕಾ ಒಳಗೆ ಹೋದಳು. ಎದುರಿಗೆ ಸಾನ್ನಿ ಮತ್ತು ಡಾಕ್ಟರ್. ಡಾಕ್ಟರ್ ಕಂಪ್ಯೂಟರ್ ಪರದೆಯ ಮೇಲೆ ಕಣ್ಣಾಡಿಸಿದರು, ಕೆಳಗಿನವರೆಗೆ ಓದಿದರು, ಮತ್ತೆ ಮೇಲಿನಿಂದ ಓದಿದರು. ಹಿಲ್ಕಾಳಿಗೆ ತಡೆಯಲಾಗಲಿಲ್ಲ.

"ಬಸ್ಸು ಹೋಯ್ತಾ?"

"ಎಲ್ಲಿಗೆ?" ಎಂದರು ಡಾಕ್ಟರ್.

"ನನ್ನ ಕೈಯಿಂದ."

"ಇಲ್ಲ. ಸಕ್ಕರೆ ಇಳಿದಿದೆ. ಹಾಡಿ ಹೊಗಳುವಷ್ಟೇನಲ್ಲ. ಆದ್ರೆ ಸೂಜಿ ಬೇಡ. ಮಾತ್ರೆ ಸಾಕು. ಈ ವರ್ಷಕ್ಕೆ ನಾನು ಸಹಿ ಹಾಕ್ತೀನಿ. ಮುಂದಿನ ವರ್ಷ ಮತ್ತೆ ನೋಡೋಣ. ಏನು ಮಾಡಿದ್ರಿ?"

"ನಾಯಿ ಜೊತೆ ನಡೆದೆ."

"ದಿನಾ?"

"ದಿನಾ. ಮಾತಾಡ್ಕೊಂಡು."

"ನಾಯಿ ಜೊತೆ ಮಾತಾ?"

"ನಾಯಿ ಕೇಳುತ್ತೆ," ಎಂದಳು ಹಿಲ್ಕಾ. ಹೆಚ್ಚು ವಿವರಿಸಲಿಲ್ಲ. ಸಾನ್ನಿ ಮೇಜಿನ ಹಿಂದಿನಿಂದ ಹೆಬ್ಬೆರಳು ಎತ್ತಿ ತೋರಿಸಿದಳು.

ಸಹಿಯಾದ ಕಾಗದ ಹಿಡಿದು ಅವಳು ಮನೆಗೆ ಹೋಗಲಿಲ್ಲ. ನಾಯಿಯನ್ನು ಬಿಚ್ಚಿಕೊಂಡು ನೇರ ಬಸ್ಸು ನಿಲ್ಲಿಸುವ ಶೆಡ್ಡಿಗೆ ಹೋದಳು. ಬೇಸಿಗೆಯಿಡೀ ನಿಂತ ಬಸ್ಸು. ಗಾಜಿನ ಮೇಲೆ ಪರಾಗದ ಹಳದಿ ಧೂಳು. ಬಾಗಿಲು ತೆಗೆದರೆ ರಬ್ಬರಿನ ಬಿಸಿ ವಾಸನೆ, ಯಾರೋ ಮರೆತ ಒಂದು ಕೈಗವಸು. ನಾಯಿಗೆ ಬಸ್ಸಿನೊಳಗೆ ಬರಲು ಅಪ್ಪಣೆ ಇಲ್ಲ. ಅದು ಅದನ್ನು ಕೇಳಲಿಲ್ಲ, ಹತ್ತಿ ಮುಂದಿನ ಸೀಟಿನಲ್ಲಿ ಕೂತಿತು.

ಹಿಲ್ಕಾ ಚಾಲಕನ ಸೀಟಿನಲ್ಲಿ ಕೂತಳು. ಕಾಲು ಚಾಚಿದಳು. ಬ್ರೇಕು ದೂರ ಅನ್ನಿಸಿತು. ಚಕ್ರಕ್ಕೂ ಅವಳಿಗೂ ನಡುವೆ ಮೊದಲಿಲ್ಲದ ಜಾಗ ಇತ್ತು. ಸೀಟನ್ನು ಯಾರೋ ಹಿಂದಕ್ಕೆ ಸರಿಸಿದ್ದಾರೆ ಎಂದು ಶೆಡ್ಡಿನವನನ್ನು ಬೈಯಲು ಬಾಯಿ ತೆರೆದಳು. ಆಮೇಲೆ ತನ್ನ ಹೊಟ್ಟೆಯ ಕಡೆ ನೋಡಿಕೊಂಡಳು. ಬಾಯಿ ಮುಚ್ಚಿದಳು.

ಬಗ್ಗಿ, ಸೀಟಿನ ಕೆಳಗಿನ ಹಿಡಿ ಎತ್ತಿ, ಸೀಟನ್ನು ಒಂದು ಕಚ್ಚು ಮುಂದಕ್ಕೆ ಸರಿಸಿಕೊಂಡಳು. ಬೀಗದ ಕೈ ತಿರುಗಿಸಿದಳು.